ಸೀತಾಳೆಗೆ ಮಣ್ಣೇಕೆ ಬೇಡ?

ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಮರಗಳಿಂದ ಹೂವಿನ ಜಡೆಯಂತೆ ಇಳಿಬೀಳುವ ಸೀತಾಳೆದಂಡೆ ಒಂದು ಆರ್ಕಿಡ್. ಹಲವರು ಅದನ್ನು ಬಂದಳಿಕೆಯೆಂದೇ ಬಗೆಯುತ್ತಾರೆ. ಬಂದಳಿಕೆ ಮರದ ಸಾರವನ್ನು ಹೀರುತ್ತದೆ. ಸೀತಾಳೆಯಾದರೋ ಮರದಿಂದ ನೆಲೆಯನ್ನಷ್ಟೇ ಬೇಡುತ್ತದೆ. ಅದರ ಬೇರನ್ನು ಸುತ್ತಿದ ಮೃದುವಾದ ಪದರವು ತೊಗಟೆಯ ಮೇಲೆ ಹರಿಯುವ ಮಳೆನೀರನ್ನು ಹೀರಿಕೊಂಡು ಬೇಗನೆ ಒಣಗುತ್ತದೆ. ಪೇಟೆಯಲ್ಲಿ ದೊರೆಯುವ ಡೆಂಡ್ರೋಬಿಯಂ, ಫೆಲನಾಪ್ಸಿಸ್‌ಗಳ ಸ್ವಭಾವವೂ ಇದೇ. ಇಂತಹ ಗಿಡವನ್ನು ಮಣ್ಣಿನಲ್ಲಿ ನೆಟ್ಟು ದಿನವೂ ನೀರೆರೆದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಕ್ಕರೆಯೇ ಗಿಡವನ್ನು ಕೊಲ್ಲುತ್ತದೆ.

ಹಾಗಾದರೆ ಕುಂಡಕ್ಕೆ ಏನನ್ನು ತುಂಬಬೇಕು? ಇದ್ದಿಲು ಮತ್ತು ಇಟ್ಟಿಗೆಯ ಚೂರುಗಳು ವರ್ಷಗಟ್ಟಲೆ ಕೊಳೆಯವು. ಆದರೆ ಬೇಗ ಒಣಗುತ್ತವೆ. ತೆಂಗಿನಕಾಯಿಯ ಸಿಪ್ಪೆ ತೇವವನ್ನು ಹಿಡಿದಿಡುತ್ತದೆ; ಆದರೆ ಕಾಲಕ್ರಮದಲ್ಲಿ ಕೊಳೆತು ಹಿಟ್ಟಾಗುತ್ತದೆ. ಹೊಸೂರು–ಕೃಷ್ಣಗಿರಿಗಳ ನಡುವಣ ನಮ್ಮ ಸೂಳಗಿರಿಯ ಬೇಸಗೆಯಲ್ಲಿ ಮಲೆನಾಡಿನ ತಂಪಿಲ್ಲ. ಆದುದರಿಂದ ಇಲ್ಲಿ ಎರಡು ಪಾಲು ಇದ್ದಿಲು, ಒಂದು ಪಾಲು ಇಟ್ಟಿಗೆ, ಒಂದು ಪಾಲು ಸಿಪ್ಪೆಯ ಮಿಶ್ರಣ ಒಪ್ಪುತ್ತದೆ. ಸಿಪ್ಪೆಯನ್ನು ತುಂಡರಿಸಿ, ನೀರು ಬದಲಿಸುತ್ತ ಕೆಲವು ದಿನ ನೆನೆಸಿದರೆ ಅದರ ಉಪ್ಪು, ಒಗರು ಕಳೆಯುತ್ತವೆ. ಪಕ್ಕದಲ್ಲೂ ತೂತುಗಳಿರುವ ಮಣ್ಣಿನ ಕುಂಡ ಲೇಸು. ಈ ಮಿಶ್ರಣ ಆಸರೆಯೇ ಹೊರತು ಆಹಾರವಲ್ಲ. ಎರಡು ವಾರಕ್ಕೊಮ್ಮೆ ತೀರ ತೆಳುವಾದ ಗೊಬ್ಬರದ ನೀರು ಬೇಕು.

ಗಿಡವನ್ನು ಕಾಡಿನಿಂದ ಕೀಳದೆ ನರ್ಸರಿಯಿಂದಲೇ ತರಬೇಕು. ಉಳಿದುದನ್ನು ಬೇರೇ ಹೇಳುತ್ತದೆ: ಬೂದಿಬಿಳುಪಾಗಿದ್ದರೆ ನೀರೆರೆಯಿರಿ, ಹಸುರಾಗಿದ್ದರೆ ಕಾಯಿರಿ.