ನಿನ್ನೆ ಹೇಳಿದ್ರ ಏನಾಗ್ತಿತ್ತು?

2020ರ ಸೆಪ್ಟೆಂಬರ್ 14, ಸೋಮವಾರ. ಅಕ್ಕಲಕೋಟ ತಾಲೂಕಿನ ನಮ್ಮೂರಿಂದ ಸೋಲಾಪುರದ ಪೇಟೆಗೆ ಉಳ್ಳಾಗಡ್ಡಿ ಗಾಡಿ ಹೊರಟಿತ್ತು. ಮಾಲು ನನ್ನದಲ್ಲ, ಮಾವನವರದು. ಬ್ಯಾಸಿಗಿಯಲ್ಲಿ ಕಿತ್ತು ಚಾಳಿನಲ್ಲಿ ಕೂಡಿಟ್ಟದ್ದು. ಲಾಕ್‌ಡೌನ್ ಕಾಲದಾಗ ಕೇಳುವವರಿರಲಿಲ್ಲ. ಒಂದಿಷ್ಟು ಕೊಳೆತೂ ಹೋಯಿತು. ಉಳಿದದ್ದಕ್ಕೆ ಆಗಷ್ಟೇ ದರ ಏರಲು ಹತ್ತಿತ್ತು. ರಾತ್ರಿ ಅಡತಿಯವರ ಫೋನು: ‘ಅಣ್ಣಾರ, ದಿಲ್ಲಿಯವರು ಎಕ್ಸ್‌ಪೋರ್ಟ್ ಬಂದ್ ಮಾಡ್ಯಾರಂತ. ಗಾಡಿ ಕಳಸಬ್ಯಾಡ್ರಿ.’

ಗಾಡಿ ಹೋಗಿಯಾಗಿತ್ತು. ಮುಂಜಾನೆ ಸವಾಲಿನಲ್ಲಿ, ಹಿಂದಿನ ವಾರ ಮೇಲಿಂದ ಮೇಲೆ ಕೂಗಿದ ವ್ಯಾಪಾರಿಗಳೇ ಕೈ ಕಟ್ಟಿ ನಿಂತಿದ್ದರು. ಮಾವನವರು ಅಡತಿ ಅಂಗಡಿಯ ಕಟ್ಟೆ ಮೇಲೆ ಕೂತು ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ ಕೇಳಿದ್ದು ಒಂದೇ ಮಾತು: ‘ನಿನ್ನೆ ಹೇಳಿದ್ರ ಏನಾಗ್ತಿತ್ತು?’

ಆ ಮಾತಿನ ಬೆನ್ನು ಹತ್ತಿ ಹೋದವನಿಗೆ ತಿಳಿದದ್ದು, ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಇದೇ ತಕರಾರು ಇತ್ತೆಂಬುದು. 1995ರಿಂದ ಜಾರಿಯಲ್ಲಿರುವ ಅಲ್ಲಿಯ ಕೃಷಿ ಒಪ್ಪಂದದ 12ನೇ ಕಲಮು ಹೀಗೆ ಹೇಳುತ್ತದೆ: ಆಹಾರ ಪದಾರ್ಥದ ರಫ್ತು ತಡೆಯುವ ದೇಶ, ಕೊಳ್ಳುವ ದೇಶಗಳ ಊಟದ ಚಿಂತೆಯನ್ನೂ ಲೆಕ್ಕಕ್ಕೆ ಹಿಡಿದು, ಸಾಧ್ಯವಾದಷ್ಟು ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಹಿಂದುಳಿದ ದೇಶಗಳಿಗೆ ವಿನಾಯಿತಿ ಉಂಟು. ಆದರೆ ಆ ಪದಾರ್ಥವನ್ನು ತಾನೇ ಹೆಚ್ಚು ಮಾರುವ ದೇಶಕ್ಕೆ ಇಲ್ಲ. ಎಷ್ಟು ದಿನ ಮುಂಚೆ? ಅದಕ್ಕೆ ಅಂಕಿ ಹಾಕಿಲ್ಲ. ನಮ್ಮ ಕಡೆ ಬಾಯಿಮಾತಿನ ಸೌದಾದಲ್ಲೂ ವಾಯಿದೆ ಇರುತ್ತದೆ!

ಕೊರೋನಾ ಬಂದಾಗ ಈ ಕಲಮುಗಳ ಪರೀಕ್ಷೆಯಾಯಿತು. 2020ರ ಏಪ್ರಿಲ್ 23ರಂದು ಸಂಸ್ಥೆಯೇ ಹೊರಡಿಸಿದ ವರದಿಯ ಪ್ರಕಾರ 80 ದೇಶ ಮತ್ತು ಸುಂಕ ಪ್ರದೇಶಗಳು ಮಾಸ್ಕು, ಕೈಗವಸು, ಔಷಧ, ಆಹಾರ ಮುಂತಾದವುಗಳ ರಫ್ತಿಗೆ ತಡೆ ಹಾಕಿದ್ದವು. ವಿಧಿವತ್ತಾಗಿ ತಿಳಿಸಿದ ಸದಸ್ಯರು ಬರೇ 13. ಐರೋಪ್ಯ ಒಕ್ಕೂಟದ ದೇಶಗಳನ್ನು ಬೇರೆ ಬೇರೆ ಎಣಿಸಿದರೂ 39. ನಮ್ಮ ದೇಶವೂ ಮಾರ್ಚ್ 3ರಂದು ಪ್ಯಾರಾಸಿಟಮಾಲ್ ಸಹಿತ 26 ಔಷಧ ಬಾಬುಗಳ ರಫ್ತಿಗೆ ಕಟ್ಟು ಹಾಕಿತ್ತು. ವಿಯೆಟ್ನಾಂ ಅಕ್ಕಿಯನ್ನು ತಡೆಯಿತು, ಕಝಾಕಸ್ತಾನ ಗೋಧಿ ಹಿಟ್ಟನ್ನು. ಹೇಳದೆ ಮಾಡಿದವರನ್ನು ಪತ್ತೆ ಹಚ್ಚುವ ಕೆಲಸ ಹೊರಗಿನವರ ಪಾಲಿಗೆ ಬಂತು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲೆನ್ ವಿದ್ಯಾಪೀಠದ ಸೈಮನ್ ಇವೆನೆಟ್ ಅವರು 2009ರಲ್ಲಿ ಶುರು ಮಾಡಿದ ‘ಗ್ಲೋಬಲ್ ಟ್ರೇಡ್ ಅಲರ್ಟ್’ ಸರಕಾರಿ ಪ್ರಕಟಣೆಗಳನ್ನು ಹೆಕ್ಕಿ ಹೆಕ್ಕಿ ಪಟ್ಟಿ ಮಾಡಿತು. ಪಟ್ಟಿ ಇದ್ದರೆ ಕೊಳ್ಳುವ ದೇಶ ಬೇರೆ ಬಾಗಿಲು ನೋಡಿಕೊಳ್ಳಬಹುದು. ಇಲ್ಲದಿದ್ದರೆ ಹೆದರಿ ಎರಡರಷ್ಟು ಕೊಳ್ಳುತ್ತದೆ, ದರ ಮತ್ತೂ ಏರುತ್ತದೆ.

ಸರಕಾರದ ಪರವಾಗಿಯೂ ಹೇಳಬೇಕು. ಆ ವರ್ಷ ಮಳೆಗೆ ಕರ್ನಾಟಕ, ಆಂಧ್ರದ ಮುಂಗಾರಿ ಉಳ್ಳಾಗಡ್ಡಿ ಹಾಳಾಗಿತ್ತು, ಪ್ಯಾಟಿಯಲ್ಲಿ ಕೊಳ್ಳುವವರೂ ನಮ್ಮ ಜನವೇ. ಮೊದಲೇ ಹೇಳಿದರೆ ವ್ಯಾಪಾರಿಗಳು ರಾತ್ರೋರಾತ್ರಿ ಮಾಲು ಬಂದರಿಗೆ ಸಾಗಿಸುತ್ತಾರೆ ಅನ್ನುವ ಮಾತಿನಲ್ಲೂ ಹುರುಳಿದೆ. ಆದರೆ ಪೆಟ್ರಾಪೋಲ್ ಗಡಿಯಲ್ಲಿ ಬಾಂಗ್ಲಾದೇಶಕ್ಕೆ ಹೊರಟ ಲಾರಿಗಳು ಸಾಲುಗಟ್ಟಿ ನಿಂತವು. ಢಾಕಾ ಸರಕಾರ ಕೂಡಲೇ ಪತ್ರ ಬರೆದು ಕಳವಳ ತಿಳಿಸಿತು. ಅಲ್ಲಿಯವರೂ ಕೇಳಿದ್ದು ಮಾವನವರ ಮಾತನ್ನೇ.

ಅಕ್ಟೋಬರದಲ್ಲಿ ಬೆಂಗಳೂರು ರೋಜ್ ಮತ್ತು ಕೃಷ್ಣಾಪುರಂ ಉಳ್ಳಾಗಡ್ಡಿಗೆ ತಲಾ 10,000 ಟನ್ ಬಿಡುಗಡೆ ಸಿಕ್ಕಿತು, ಅದೂ ಚೆನ್ನೈ ಬಂದರಿನಿಂದ ಮಾತ್ರ. ನಮ್ಮ ಕಡೆಯ ಗಡ್ಡಿ ಆ ಜಾತಿಯದಲ್ಲ. ಅದೇ ತಿಂಗಳ 23ಕ್ಕೆ ದಾಸ್ತಾನಿನ ಮಿತಿ ಬಂತು: ಸಗಟು ವ್ಯಾಪಾರಿಗೆ 25 ಟನ್, ಚಿಲ್ಲರೆಯವರಿಗೆ 2 ಟನ್. ತಡೆ ತೆರವಾದದ್ದು 2021ರ ಜನವರಿ 1ಕ್ಕೆ. ವಾರ ಕಳೆಯುವುದರೊಳಗೆ, ಜನವರಿ 6 ಮತ್ತು 8ರಂದು, ಭಾರತದ ವ್ಯಾಪಾರ ನೀತಿಯ ಏಳನೇ ವಿಮರ್ಶೆ ಜಿನೀವಾದಲ್ಲಿ ನಡೆಯಿತು.

ಈ ಅಧಿಸೂಚನೆಗಳು ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ ಬರುತ್ತವೆ. ಕನ್ನಡ, ಮರಾಠಿ ಎರಡೂ ಬಲ್ಲ ಮಾವನವರಿಗೆ ಎರಡೂ ಉಪಯೋಗಕ್ಕೆ ಬರಲಿಲ್ಲ. ಆ ದಿನ ಅವರು ಅರ್ಧ ಮಾಲು ಬಂದ ದರಕ್ಕೆ ಕೊಟ್ಟು, ಉಳಿದರ್ಧ ಅದೇ ಗಾಡಿಯಲ್ಲಿ ವಾಪಸು ತಂದರು. ಬಾಡಿಗೆ ಎರಡೂ ಕಡೆಯದು ಅವರೇ ಕೊಟ್ಟರು.