ಸರಪಣಿ ವ್ಯಾಪಾರದ ಆಮಿಷ

ಬಸವಕಲ್ಯಾಣ ತಾಲೂಕಿನ ಕೊಹಿನೂರದಿಂದ ತರುಣ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಪದವಿ ಪಡೆದೂ ನೌಕರಿ ದೊರೆಯದೆ ಮನೆಯಲ್ಲಿರುವ ಅವರನ್ನು, ಹೈದರಾಬಾದಿನಲ್ಲಿರುವ ಸೋದರಸಂಬಂಧಿಯೊಬ್ಬರು 'ಬಹುಹಂತದ ಮಾರಾಟ'ದ ಕಂಪನಿಯೊಂದಕ್ಕೆ ಸದಸ್ಯರಾಗಲು ಕರೆದಿದ್ದಾರಂತೆ. ತೊಗರಿ ಮಾರಿ ಬಂದ ಹಣವನ್ನು ಕೊಡಲು ತಂದೆಯವರು ಒಪ್ಪಿದ್ದಾರೆ. ಸಾಲದುದಕ್ಕೆ ತಾಯಿಯ ಬಂಗಾರವನ್ನು ಒತ್ತೆಯಿಡುವ ಮಾತೂ ನಡೆದಿದೆ. "ಸೇರಬಹುದೇ?" ಎಂಬುದಷ್ಟೇ ಅವರ ಪ್ರಶ್ನೆ. ಸೇರಬಾರದೆಂಬುದು ನಮ್ಮ ಸ್ಪಷ್ಟವಾದ ಉತ್ತರ. ಆದರೆ ಕಾರಣವಿಲ್ಲದ ಬುದ್ಧಿವಾದವು ತರುಣರಿಗೆ ರುಚಿಸದು. ಇಂಥ ಕರೆ ಬಂದವರು ಇವರೊಬ್ಬರೇ ಅಲ್ಲವಾದುದರಿಂದ ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಉತ್ತರಿಸುತ್ತೇವೆ.

ಈ ವ್ಯವಹಾರದ ಕ್ರಮವು ಮೇಲ್ನೋಟಕ್ಕೆ ಸರಳವಾಗಿದೆ. ಕಂಪನಿಯ ಸರಕನ್ನು ಕೊಂಡು ಸದಸ್ಯನಾಗಬೇಕು. ಆ ಬಳಿಕ ತನ್ನಂಥವರನ್ನು ಕರೆತರಬೇಕು. ಅವರೂ, ಅವರು ಕರೆತಂದವರೂ ಕೊಳ್ಳುವ ಸರಕಿನಲ್ಲಿ ಮೇಲಿನವನಿಗೆ ಕಮಿಶನ್ನು. ಕೂತು ಉಣ್ಣುವ ಕಾಲ ಬಂತೆಂದು ಸಭೆಗಳಲ್ಲಿ ಸಾರಲಾಗುತ್ತದೆ. ಆದರೆ ಶಾಲೆಯ ಹುಡುಗನೂ ಮಾಡಬಲ್ಲ ಒಂದು ಲೆಕ್ಕವನ್ನು ಆ ಸಭೆಗಳಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ.

ಒಬ್ಬೊಬ್ಬನು ಆರು ಜನರನ್ನು ತರಬೇಕೆಂದು ಇಟ್ಟುಕೊಳ್ಳೋಣ. ಮೊದಲ ಮೆಟ್ಟಿಲಿಗೆ 6, ಎರಡನೆಯದಕ್ಕೆ 36, ಮೂರನೆಯದಕ್ಕೆ 216, ನಾಲ್ಕನೆಯದಕ್ಕೆ 1,296, ಐದನೆಯದಕ್ಕೆ 7,776, ಆರನೆಯದಕ್ಕೆ 46,656, ಏಳನೆಯದಕ್ಕೆ 2,79,936, ಎಂಟನೆಯದಕ್ಕೆ 16,79,616. ಎಲ್ಲವನ್ನೂ ಕೂಡಿದರೆ ಇಪ್ಪತ್ತು ಲಕ್ಷವನ್ನು ಮೀರುತ್ತದೆ. 2011ರ ಜನಗಣತಿಯಂತೆ ತೊಟ್ಟಿಲ ಕೂಸುಗಳನ್ನೂ ಸೇರಿಸಿ ಬೀದರ ಜಿಲ್ಲೆಯ ಜನಸಂಖ್ಯೆ 17,03,300. ಎಂದರೆ ಎಂಟನೆಯ ಮೆಟ್ಟಿಲು ತುಂಬುವ ಮೊದಲೇ ಜಿಲ್ಲೆಯೆಲ್ಲ ಬರಿದಾಯಿತು. ಹತ್ತನೆಯದರ ಹೊತ್ತಿಗೆ 6.11 ಕೋಟಿ ಜನರ ಕರ್ನಾಟಕವೂ ಸಾಲದು. ಸರಪಣಿಯು ಎಲ್ಲಿಯೇ ನಿಲ್ಲಲಿ, ಆಗ ಸೇರಿರುವ ಆರು ಜನರಲ್ಲಿ ಐವರ ಕೆಳಗೆ ಒಬ್ಬನೂ ಇರುವುದಿಲ್ಲ. ಆ ಐವರು ಸೋಮಾರಿಗಳಾದುದರಿಂದ ಸೋತರೆಂದು ಮೇಲಿನವರು ಹೇಳುತ್ತಾರೆ. ಅದು ಅನ್ಯಾಯದ ಮಾತು. ಅವರು ಸೋಲಲೇಬೇಕೆಂಬುದು ಲೆಕ್ಕದಲ್ಲಿಯೇ ಅಡಗಿದೆ.

ನಷ್ಟವು ಸೇರುವಾಗ ಕೊಟ್ಟ ಹಣಕ್ಕೇ ಮುಗಿಯುವುದಿಲ್ಲ. ಪದವಿ ಉಳಿಯಬೇಕಾದರೆ ತಿಂಗಳು ತಿಂಗಳೂ ತಾನೇ ಸರಕು ಕೊಳ್ಳಬೇಕು. ದೂರದ ಊರುಗಳ ಸಭೆಗಳಿಗೆ ಸ್ವಂತ ಖರ್ಚಿನಿಂದ ಓಡಾಡಬೇಕು. ಒತ್ತೆಯಿಟ್ಟ ಬಂಗಾರಕ್ಕೆ ಬಡ್ಡಿ ಕಟ್ಟಬೇಕು. ಬಂದ ಕಮಿಶನ್ನಿನ ಚೀಟಿಯನ್ನು ಎಲ್ಲರಿಗೂ ತೋರಿಸುವವರು ಹೋದ ಖರ್ಚಿನ ಖಾತೆಯನ್ನು ಯಾರಿಗೂ ತೋರಿಸರು. ಹಣ ತೀರಿದ ಮೇಲೆ ಬಂಡವಾಳವಾಗಿ ಉಳಿಯುವುದು ನೆಂಟರಿಷ್ಟರ ವಿಶ್ವಾಸವೊಂದೇ. ಅದೂ ಕರಗಿದಾಗ ಕಂಪನಿಯ ಮುಖ್ಯಸ್ಥನು ದೂರದ ನಗರದಲ್ಲಿರುತ್ತಾನೆ. ಸೋದರಮಾವನು ಹಣ ಕೇಳಲು ಬರುವುದು ನಮ್ಮ ಬಾಗಿಲಿಗೇ.

ಇದು ಕೇವಲ ಊಹೆಯಲ್ಲ. ಕ್ಯೂನೆಟ್ ಸಂಸ್ಥೆಯ ಸರಕನ್ನು ಭಾರತದಲ್ಲಿ ಮಾರುತ್ತಿದ್ದ ಬೆಂಗಳೂರಿನ ವಿಹಾನ್ ಡೈರೆಕ್ಟ್ ಸೆಲ್ಲಿಂಗ್ ಕಂಪನಿಯ ವ್ಯವಹಾರದ ಸಂಬಂಧವಾಗಿ 38 ಮೊಕದ್ದಮೆಗಳನ್ನು ಹೂಡಿ 70 ಜನರನ್ನು ಬಂಧಿಸಿರುವುದಾಗಿ ಸೈಬರಾಬಾದಿನ ಪೋಲೀಸರು 2019ರ ಆಗಸ್ಟಿನಲ್ಲಿ ಪ್ರಕಟಿಸಿದರು. ಕಂಪನಿಯು ಆರೋಪಗಳನ್ನು ಅಲ್ಲಗಳೆಯಿತು. 2022ರ ಏಪ್ರಿಲಿನಲ್ಲಿ ಜಾರಿ ನಿರ್ದೇಶನಾಲಯವು ಪಿರಮಿಡ್ಡಿನ ವಂಚನೆಯ ಆರೋಪದ ಮೇಲೆ ಆಮ್ವೇ ಕಂಪನಿಯ 757.77 ಕೋಟಿ ರೂಪಾಯಿಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ತನಿಖೆಗೆ ಸಹಕರಿಸುತ್ತಿರುವುದಾಗಿ ಕಂಪನಿಯು ತಿಳಿಸಿತು. ಆರೋಪವೇ ತೀರ್ಪಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ತೀರ್ಪಿಗಾಗಿ ಕಂಪನಿಗಳು ವರುಷಗಟ್ಟಲೆ ಕಾಯಬಲ್ಲವು, ತೊಗರಿ ಬೆಳೆವವನ ಮನೆ ಕಾಯಲಾರದು.

ಕಾಯಿದೆಯ ಮಾತನ್ನೂ ಅರಿತಿರಬೇಕು. 1978ರ ಬಹುಮಾನ ಚೀಟಿ ಹಾಗೂ ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯಿದೆಯ 3ನೆಯ ಕಲಮು ಇಂಥ ಯೋಜನೆಯನ್ನು ನಡೆಸುವುದನ್ನಷ್ಟೇ ಅಲ್ಲ, ಅದರಲ್ಲಿ ಸದಸ್ಯನಾಗುವುದನ್ನೂ ನಿಷೇಧಿಸಿದೆ. ಮೀರಿದವನಿಗೆ 3 ವರುಷಗಳವರೆಗೆ ಸೆರೆಮನೆ, ಇಲ್ಲವೆ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮೋಸಹೋದವನೇ ತನ್ನ ನೆಂಟನನ್ನು ಸೇರಿಸಿದಾಗ ಅಪರಾಧಿಯ ಸ್ಥಾನದಲ್ಲಿಯೂ ನಿಲ್ಲಬೇಕಾಗುವುದು ಹೀಗೆ. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ಡು ಕಟ್ಟುವುದನ್ನು 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ನಿಯಮಗಳೂ ನಿಷೇಧಿಸಿದವು.

ಮನೆಮನೆಗೆ ಸರಕು ಮಾರುವ ವ್ಯಾಪಾರವೆಲ್ಲ ವಂಚನೆಯೆಂದು ನಾವು ಹೇಳುವುದಿಲ್ಲ. ಗುರುತಿಸಲು ಒಂದೇ ಪ್ರಶ್ನೆ ಸಾಕು: ನಾಳೆಯಿಂದ ಒಬ್ಬ ಹೊಸ ಸದಸ್ಯನೂ ಸೇರದಿದ್ದರೆ, ಸದಸ್ಯರಲ್ಲದ ಗಿರಾಕಿಗಳಿಗೆ ಸರಕು ಮಾರಿಯೇ ಲಾಭ ಬರುವುದೇ? ಹುಮನಾಬಾದಿನ ಕಿರಾಣಿ ಅಂಗಡಿಯವನು ಹೌದೆನ್ನುವನು. ತನ್ನ ಗಿರಾಕಿಯೂ ಅಂಗಡಿ ತೆರೆಯಲೆಂದು ಅವನು ಬಯಸುವುದಿಲ್ಲ.

ಅಧಿಕಾರಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ವಿನಂತಿ. ಊರಿನವರು ನಿಮ್ಮ ಮಾತನ್ನು ನಂಬುತ್ತಾರೆ. ಸರಪಣಿಯವರಿಗೆ ಬೇಕಾಗಿರುವುದು ಆ ನಂಬಿಕೆಯೇ. ಅಂಥ ಸಭೆಗಳಿಗೆ ಶಾಲೆಯ ಕೋಣೆಯನ್ನೂ ನಿಮ್ಮ ಹೆಸರನ್ನೂ ಕೊಡಬೇಡಿರಿ. ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಶರಣರ ಕಲ್ಯಾಣವು ಇದೇ ನೆಲದಲ್ಲಿದೆ. ಇಲ್ಲಿ ದುಡಿಯದ ಲಾಭದ ಸಭೆಗೆ ಮಾನ್ಯರು ಅಧ್ಯಕ್ಷತೆ ವಹಿಸುವುದು ಭೂಷಣವಲ್ಲ.

ಕೊಹಿನೂರದ ತರುಣರಿಗೆ ಕೊನೆಯದಾಗಿ ಒಂದು ಮಾತು. ತೊಗರಿಯ ಹಣ ಮನೆಯಲ್ಲಿಯೇ ಇರಲಿ, ತಾಯಿಯ ಬಂಗಾರ ತಾಯಿಯ ಬಳಿಯಲ್ಲಿಯೇ ಇರಲಿ. ಸೋದರಸಂಬಂಧಿಯ ಮೇಲೆ ಸಿಟ್ಟಾಗಬೇಡಿರಿ. ಮೇಲಿನ ಲೆಕ್ಕವನ್ನು ಅವರಿಗೂ ಬರೆದು ಕಳಿಸಿರಿ. ಅವರೂ ಯಾರೋ ಕರೆತಂದ ಆರು ಜನರಲ್ಲಿ ಒಬ್ಬರು.