ಮಾರುತಿ 800 ಮತ್ತು ನಗರದ ಉಸಿರು

ಫರೀದಾಬಾದ್‌ನ ನೆರೆಯ ಗುರ್‌ಗಾಂವ್‌ನಲ್ಲಿ ತಯಾರಾದ ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ಕೊಂಡವರ ಕೈಗಿತ್ತರು. ಜಪಾನಿನ ಸುಜುಕಿ ಫ್ರಾಂಟೆ ಮಾದರಿಯೇ ಅದಕ್ಕೆ ಆಧಾರ. ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನ್, ಹಗುರವಾದ ಮೈ. ಇವುಗಳಿಂದ ಅಲ್ಪ ಪೆಟ್ರೋಲಿನಲ್ಲೇ ಪುಟ್ಟ ಸಂಸಾರವೊಂದು ಸುಖವಾಗಿ ಸಂಚರಿಸುವಂತಾಯಿತು. 1986ರಲ್ಲಿ ಸುಜುಕಿ ಆಲ್ಟೋವನ್ನು ಆಧರಿಸಿದ ಹೊಸ ರೂಪ ಬಂದಿತು.

ಆದರೆ ಕಾರುಗಳು ಹೆಚ್ಚಿದಂತೆ ಹೊಗೆಯೂ ಹೆಚ್ಚಿತು. ಅಂದಿನ ಪೆಟ್ರೋಲಿನಲ್ಲಿದ್ದ ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. 1995ರ ಏಪ್ರಿಲ್‌ನಿಂದ ದೆಹಲಿ ಸೇರಿದಂತೆ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ, ವಿಷಾನಿಲವನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಈ ಉಪಕರಣವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲೂ ಬಂದಿತು. 2000ದಲ್ಲಿ ಅದು ದೇಶವ್ಯಾಪಿಯಾಯಿತು. 2010ರಲ್ಲಿ ಭಾರತ್ ಹಂತ 4ರ ಹೊಗೆ ನಿಯಮ ಜಾರಿಯಾದಾಗ ದೆಹಲಿ, ಬೆಂಗಳೂರು ಮುಂತಾದ ಹದಿಮೂರು ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೂ ಕೊನೆಗೊಂಡಿತು.

ಕಾರು ಹೋದರೂ ಫರೀದಾಬಾದ್‌ನ ಚಳಿಗಾಲದ ಹೊಗೆಮಂಜು ಹೋಗಿಲ್ಲ. ಕಾಲಕಾಲಕ್ಕೆ ಹೊಗೆ ತಪಾಸಣೆ ಮಾಡಿಸುವುದು, ಸಿಗ್ನಲಿನಲ್ಲಿ ಎಂಜಿನ್ ನಿಲ್ಲಿಸುವುದು, ಸನಿಹದ ಅಂಗಡಿಗೆ ನಡೆದೇ ಹೋಗುವುದು: ಇಷ್ಟಾದರೂ ಪ್ರತಿ ಮನೆಯೂ ತನ್ನ ಮಕ್ಕಳ ಉಸಿರಿಗಾಗಿ ಪಾಲಿಸಬೇಕಾದ ಪಥ್ಯ.